ವಿಶ್ರಾಂತಿಯಲ್ಲಿರುವ ಚಕ್ರಗಳ ಪರವಾಗಿ

ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಒಟ್ಟಾವಾ,
ಚೈತ್ರಮಾಸ

ಮಾನ್ಯ ಬಂಧುಗಳೆ,

ಯುಗಾದಿಯ ಬೇವುಬೆಲ್ಲವನ್ನು ಹಂಚಿಕೊಂಡು ಹೊಸ ಸಂವತ್ಸರವನ್ನು ಬರಮಾಡಿಕೊಂಡ ಈ ದಿನಗಳಲ್ಲಿ, ರಸ್ತೆಬದಿಯ ಹಿಮದ ದಿಬ್ಬಗಳು ಕರಗಿ ಹಗಲಿನ ಬಿಸಿಲು ನಿಧಾನವಾಗಿ ನೆಲೆಗೊಳ್ಳುತ್ತಿರುವುದನ್ನು ಕಂಡು, ನಮ್ಮಲ್ಲಿ ಬಹುಮಂದಿ ತಂತಮ್ಮ ಕಾರುಗಳಿಂದ ಚಳಿಗಾಲದ ಟೈರುಗಳನ್ನು ಬಿಚ್ಚಿಸಿ ಬೇಸಗೆಯ ಟೈರುಗಳನ್ನು ಹಾಕಿಸುವ ಏರ್ಪಾಡಿನಲ್ಲಿದ್ದೇವೆ. ಹೀಗೆ ಬಿಚ್ಚಿದ ನಾಲ್ಕು ಚಕ್ರಗಳನ್ನು ಮುಂದಿನ ಆರು ತಿಂಗಳ ಕಾಲ ಎಲ್ಲಿ ಇಡಬೇಕು, ಹೇಗೆ ಇಡಬೇಕು, ಯಾವುದರಿಂದ ಕಾಪಾಡಬೇಕು ಎಂಬ ವಿಷಯವಾಗಿ ತಮ್ಮೆಲ್ಲರ ಸಮ್ಮುಖದಲ್ಲಿ ಕೆಲವು ಮಾತುಗಳನ್ನು ವಿಜ್ಞಾಪಿಸಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಭಾಷೆ, ಸಾಹಿತ್ಯ, ಸಂಗೀತ, ಮಕ್ಕಳ ಕನ್ನಡ ತರಗತಿ ಮೊದಲಾದ ಘನವಾದ ಕಾರ್ಯಗಳಿಗೆ ಮೀಸಲಾದ ನಮ್ಮ ಸಂಘಗಳ ಮುಂದೆ ಟೈರಿನ ಪ್ರಸ್ತಾಪವೆ ಎಂದು ಯಾರಿಗಾದರೂ ಅನಿಸಿದರೆ, ಅವರು ಇಷ್ಟನ್ನು ಯೋಚಿಸಬೇಕೆಂದು ಬೇಡುತ್ತೇನೆ: ಆ ತರಗತಿಗೆ ಮಕ್ಕಳನ್ನೂ ಆ ಸಂಗೀತಕ್ಕೆ ವೃದ್ಧರಾದ ತಂದೆತಾಯಿಗಳನ್ನೂ ಜನವರಿಯ ಮಂಜುಗಟ್ಟಿದ ಹಾದಿಯಲ್ಲಿ ಕರೆತರತಕ್ಕವು ಈ ಚಕ್ರಗಳೇ, ಅವುಗಳ ಯೋಗ್ಯತೆಯಾದರೋ ಅವು ಕೆಲಸವಿಲ್ಲದೆ ಮೂಲೆಯಲ್ಲಿ ಬಿದ್ದಿರುವ ಜೂನ್, ಜುಲೈ ತಿಂಗಳುಗಳಲ್ಲಿಯೇ ಬಹುಮಟ್ಟಿಗೆ ನಿರ್ಣಯವಾಗಿಬಿಡುತ್ತದೆ.

ಓಡುವ ಟೈರು ಸವೆಯುವುದೆಂದೂ ಓಡದ ಟೈರು ಇದ್ದಂತೆಯೇ ಇರುವುದೆಂದೂ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಊರಿನಲ್ಲಿ ಒಂದೇ ಸೆಟ್ಟು ಟೈರುಗಳು ವರ್ಷವಿಡೀ ಬಿಸಿಲಿಗೂ ಮಳೆಗೂ ಒಡ್ಡಿಕೊಂಡು ಓಡಿ, ಬಟನ್ ಸವೆದು ನುಣುಪಾದ ಮೇಲೆ ಹೊಸವಕ್ಕೆ ಸ್ಥಾನವನ್ನು ಬಿಟ್ಟುಕೊಡುತ್ತಿದ್ದುವು. ಹೆಚ್ಚೆಂದರೆ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಇರುತ್ತಿತ್ತು, ಅದರ ಕ್ಷೇಮವನ್ನು ಪಂಕ್ಚರ್ ಆದ ದಿನವಲ್ಲದೆ ಯಾರೂ ವಿಚಾರಿಸುತ್ತಿರಲಿಲ್ಲ. ಋತುವಿಗೊಂದು ಸೆಟ್ಟು ಎಂಬ ಪದ್ಧತಿಯಾಗಲಿ, ಅರ್ಧ ವರ್ಷ ಟೈರನ್ನು ಕೆಡದಂತೆ ಕಾಪಿಡುವ ವಿದ್ಯೆಯಾಗಲಿ ನಮಗೆ ಹಿರಿಯರಿಂದ ಬಂದುದಲ್ಲ. ಅದನ್ನು ಈ ಶೀತಭೂಮಿಯಲ್ಲಿಯೇ ಹೊಸದಾಗಿ ಕಲಿಯತಕ್ಕದ್ದಾಗಿದೆ. ಆ ವಿದ್ಯೆಯ ಮೊದಲನೆಯ ಪಾಠವೆಂದರೆ, ಟೈರಿಗೆ ಸವೆತವೆಂಬುದೊಂದು, ಮುಪ್ಪೆಂಬುದೊಂದು, ಹೀಗೆ ಕ್ಷಯವು ಎರಡು ಬಗೆ. ಸವೆತವು ಓಡಿದಾಗ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಅಳತೆಗೆ ಸಿಕ್ಕುತ್ತದೆ. ಮುಪ್ಪು ನಿಂತಾಗಲೂ ಬರುತ್ತದೆ, ಮತ್ತು ಬಹುಕಾಲದವರೆಗೆ ಕಣ್ಣಿಗೆ ಬೀಳುವುದಿಲ್ಲ.

ಎರಡು ಸೆಟ್ಟುಗಳ ಅವಶ್ಯಕತೆಯನ್ನು ಕುರಿತು ತಮಗೆ ಹೆಚ್ಚು ಹೇಳಬೇಕಾಗಿಲ್ಲ. ನದಿಯ ಆಚೆ ದಡದ ಗ್ಯಾಟಿನೊದಲ್ಲಾಗಲಿ, ಮಾಂಟ್ರಿಯಲ್ಲಿನಲ್ಲಾಗಲಿ ವಾಸಿಸುವವರಿಗೆ ಇದು ಶಾಸನದ ಮಾತು: ಕ್ವಿಬೆಕ್ ಪ್ರಾಂತವು 2008ರ ಚಳಿಗಾಲದಿಂದ ತನ್ನಲ್ಲಿ ನೋಂದಣಿಯಾದ ಕಾರುಗಳಿಗೆ ಚಳಿಗಾಲದ ಟೈರುಗಳನ್ನು ಕಡ್ಡಾಯಗೊಳಿಸಿತು, ಮೊದಲು ಡಿಸೆಂಬರ್ 15ರಿಂದ ಆರಂಭವಾಗುತ್ತಿದ್ದ ಅವಧಿಯು 2019ರಿಂದ ಡಿಸೆಂಬರ್ 1ಕ್ಕೆ ಹಿಂದೆ ಸರಿದು, ಮಾರ್ಚ್ 15ರವರೆಗೆ ನಡೆಯುತ್ತದೆ. ಒಂಟಾರಿಯೊದಲ್ಲಿ ಅಂಥ ನಿರ್ಬಂಧವಿಲ್ಲದಿದ್ದರೂ, ಚಳಿಗಾಲದ ಟೈರು ಹಾಕಿಸಿದವರಿಗೆ ವಿಮಾಸಂಸ್ಥೆಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮವು 2016ರ ಜನವರಿಯಿಂದ ಜಾರಿಯಲ್ಲಿದೆ. ಶಾಸನಕ್ಕಿಂತಲೂ ಪ್ರಬಲವಾದ ಕಾರಣವು ರಬ್ಬರಿನ ಸ್ವಭಾವದಲ್ಲಿಯೇ ಇದೆ. ಉಷ್ಣತೆಯು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದಂತೆ ಬೇಸಗೆಯ ಟೈರಿನ ರಬ್ಬರು ಬಿರುಸಾಗುತ್ತ ಹೋಗಿ ನೆಲವನ್ನು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ಮಿಶ್ರಣವು ಶೂನ್ಯಕ್ಕಿಂತ ಬಹಳ ಕೆಳಗೂ ಮೃದುವಾಗಿದ್ದು ಹಿಮದ ಒರಟನ್ನು ಅಪ್ಪಿಕೊಳ್ಳುತ್ತದೆ. ಫಿನ್ಲೆಂಡಿನ ರಬ್ಬರ್ ಕಾರ್ಖಾನೆಯೊಂದು 1934ರಲ್ಲಿ ಹಿಮದ ಹಾದಿಗೆಂದೇ ಲಾರಿಯ ಟೈರನ್ನು ರೂಪಿಸಿದಂದಿನಿಂದ ಈ ವಿದ್ಯೆ ಬೆಳೆಯುತ್ತ ಬಂದಿದೆ. ಆದರೆ ಮೃದುತ್ವವೇ ಯಾವ ಪದಾರ್ಥದ ಗುಣವೋ ಆ ಪದಾರ್ಥಕ್ಕೆ ಬಿರುಸಾಗುವುದೇ ಮರಣ. ಆದುದರಿಂದ ನಾವು ಕಾಪಿಡಬೇಕಾದುದು ಟೈರಿನ ಆಕಾರವೊಂದನ್ನೇ ಅಲ್ಲ, ಅದರ ಮೃದುತ್ವವನ್ನೂ ಸಹ.

ಈ ಮೃದುತ್ವವು ಎಲ್ಲಿಂದ ಬಂತೆಂಬುದನ್ನು ನೆನೆಯುವುದು ಉಚಿತ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿಗಳಿಂದ ಬಂದವರಿಗೆ ರಬ್ಬರ್ ಮರವು ಅಪರಿಚಿತವಲ್ಲ. ಮುಂಜಾವದಲ್ಲಿ ಮರದ ತೊಗಟೆಯನ್ನು ಓರೆಯಾಗಿ ಗೀರಿ, ಒಸರುವ ಹಾಲನ್ನು ಚಿಪ್ಪಿನಲ್ಲಿ ಹಿಡಿದು, ಹೆಪ್ಪುಗಟ್ಟಿಸಿ, ಹಾಳೆಯಾಗಿ ಒತ್ತಿ, ಹೊಗೆಯಲ್ಲಿ ಒಣಗಿಸುವ ಕಾರ್ಯವನ್ನು ನಾನು ಬಾಲ್ಯದಲ್ಲಿ ಕಂಡು ಬೆಳೆದವನು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ತರುವಾಯ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳು ಸುಳ್ಯದ ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಇದೇ ಕೆಲಸದಿಂದ ಜೀವನವನ್ನು ಕಟ್ಟಿಕೊಂಡುವು. ಅಂಥ ಎಷ್ಟೋ ಕೈಗಳ ಶ್ರಮದಿಂದ ಹುಟ್ಟುವ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಕರಗದೆ ಚಳಿಗೆ ಒಡೆಯದೆ ಬಾಳಿಕೆ ಬರುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಇಂದಿನ ಟೈರಿನಲ್ಲಿ ಮರದ ರಬ್ಬರಿನೊಡನೆ ಕೃತಕ ರಬ್ಬರು, ಕರಿಮಸಿ, ಸಿಲಿಕಾ, ಎಣ್ಣೆ, ಮೇಣ, ಉಕ್ಕಿನ ತಂತಿ, ನೂಲಿನ ಹಾಸು ಇವೆಲ್ಲ ಸೇರಿವೆಯಾದರೂ, ಮೂಲಪದಾರ್ಥದ ಸುಕುಮಾರತೆಯು ಪೂರ್ಣವಾಗಿ ಅಳಿದಿಲ್ಲ.

ರಬ್ಬರಿನ ಉದ್ದವಾದ ಅಣುಸರಪಣಿಯಲ್ಲಿ ಇಂಗಾಲದ ಪರಮಾಣುಗಳ ನಡುವೆ ಅಲ್ಲಲ್ಲಿ ದ್ವಿಬಂಧಗಳಿವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಎಂಬ ಅನಿಲವು ಆ ದ್ವಿಬಂಧಗಳನ್ನೇ ಕತ್ತರಿಸುತ್ತದೆ. ರಬ್ಬರು ಎಲ್ಲಿ ಎಳೆತಕ್ಕೆ ಒಳಗಾಗಿದೆಯೋ ಅಲ್ಲಿಯೇ ಈ ಕಡಿತಗಳು ಬಿರುಕುಗಳಾಗಿ ಬಾಯ್ದೆರೆಯುತ್ತವೆ. ಟೈರಿನ ಪಕ್ಕೆಗಳ ಮೇಲೆ ಕಾಣಿಸಿಕೊಳ್ಳುವ ಸಣ್ಣ ಸೀಳುಗಳಿಗೆ ಮುಖ್ಯ ಕಾರಣವಿದು. ಇದನ್ನು ಅರಿತೇ ತಯಾರಕರು ಮಿಶ್ರಣದಲ್ಲಿ ಮೇಣವನ್ನೂ ಓಜೋನ್ ನಿರೋಧಕ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಟೈರು ಓಡುವಾಗ ಅದರ ಬಾಗುಬಳುಕಿನಿಂದ ಅವು ಒಳಗಿನಿಂದ ಮೇಲ್ಮೈಗೆ ಒಸರಿ ಕವಚವಾಗಿ ನಿಲ್ಲುತ್ತವೆ. ಬಂಧುಗಳು ಇಲ್ಲಿ ಗಮನಿಸಬೇಕು: ಓಡದೆ ನಿಂತ ಟೈರಿನಲ್ಲಿ ಈ ಒಸರುವಿಕೆಯು ಕುಗ್ಗುತ್ತದೆ, ಕವಚವು ಹೊಸದಾಗುವುದಿಲ್ಲ. ಹೀಗೆ ವಿಶ್ರಾಂತಿಯ ಕಾಲವೇ ಟೈರಿಗೆ ರಕ್ಷಣೆ ತೀರ ಕಡಮೆಯಾದ ಕಾಲವಾಗಿರುವುದರಿಂದ, ಆಗ ಅದನ್ನು ರಕ್ಷಿಸುವ ಭಾರವು ಒಡೆಯನ ಮೇಲೆಯೇ ಬೀಳುತ್ತದೆ. ಪಕ್ಕೆಯ ಮೇಲೆ ಕಂದು ಬಣ್ಣದ ಮಾಸಲು ಪದರವನ್ನು ಕಂಡು ಕೊಳೆಯೆಂದು ತಿಳಿದು ಪೆಟ್ರೋಲಿನಿಂದ ಉಜ್ಜುವವರು ಆ ಕವಚವನ್ನೇ ಕಳೆಯುತ್ತಾರೆ.

ಓಜೋನಿನ ಜೊತೆಗೆ ಸೂರ್ಯಪ್ರಕಾಶದ ನೇರಳಾತೀತ ಕಿರಣಗಳು, ಉಷ್ಣ, ಎಣ್ಣೆ ಮತ್ತು ಪೆಟ್ರೋಲಿನಂಥ ದ್ರಾವಕಗಳು, ತೇವ, ಇವು ನಾಲ್ಕೂ ಟೈರಿನ ವೈರಿಗಳು. ಇವುಗಳ ದೃಷ್ಟಿಯಿಂದ ನಮ್ಮ ಮನೆಗಳನ್ನು ಒಮ್ಮೆ ಪರಿಶೀಲಿಸಿದರೆ, ತಂಪಾಗಿ, ಒಣಗಿ, ಕತ್ತಲೆಯಾಗಿರುವ ಬೇಸ್‌ಮೆಂಟಿನ ಮೂಲೆಯೇ ಉತ್ತಮವಾದ ತಾಣ. ಆದರೆ ಅಲ್ಲಿಯೂ ಮನೆ ಕಾಯಿಸುವ ಫರ್ನೇಸು, ನೀರು ಕಾಯಿಸುವ ಹಂಡೆ, ಕಿಡಿ ಹಾರಿಸುವ ಹಳೆಯ ವಿದ್ಯುತ್ ಮೋಟಾರು ಇವುಗಳಿಂದ ದೂರವಿರಬೇಕು, ಏಕೆಂದರೆ ವಿದ್ಯುತ್ ಕಿಡಿಯು ಓಜೋನನ್ನು ಹುಟ್ಟಿಸುತ್ತದೆ. ಬೇಸ್‌ಮೆಂಟು ಇಲ್ಲದವರು ಗ್ಯಾರೇಜಿನಲ್ಲಿ ಇಡಬಹುದು; ಬ್ಯಾಟರಿ ಚಾರ್ಜರು, ಪೆಟ್ರೋಲಿನ ಡಬ್ಬ, ಹುಲ್ಲು ಕತ್ತರಿಸುವ ಯಂತ್ರ, ಬಣ್ಣದ ಡಬ್ಬಗಳು ಇರುವ ಗೋಡೆಯ ಎದುರುಗೋಡೆಯನ್ನು ಆರಿಸಿಕೊಳ್ಳತಕ್ಕದ್ದು. ತಗಡಿನ ಷೆಡ್ಡಿನಲ್ಲಿ ಬೇಸಗೆಯ ಉಷ್ಣವು ವಿಪರೀತವಾಗುವುದರಿಂದ ಅದು ಕೊನೆಯ ಆಯ್ಕೆಯಾಗಿರಲಿ. ಹಿತ್ತಲಿನಲ್ಲಿ ಬಯಲಿಗೆ ಬಿಸಾಡುವುದಂತೂ ಎರಡು ಪಟ್ಟು ಅಪರಾಧ. ಬಿಸಿಲು ಟೈರನ್ನು ಕೆಡಿಸುತ್ತದೆ. ಮಳೆಯ ನೀರು ಅದರೊಳಗೆ ನಿಂತು ಸೊಳ್ಳೆಗಳನ್ನು ಬೆಳೆಸಿ ನೆರೆಹೊರೆಯನ್ನು ಕೆಡಿಸುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಡೆಂಗಿಗೆ ಹಳೆಯ ಟೈರುಗಳು ಹೇಗೆ ತವರಾಗುವುವೆಂಬುದನ್ನು ನಾವು ಬಲ್ಲೆವು. ಇಲ್ಲಿ ವೆಸ್ಟ್ ನೈಲ್ ಜ್ವರವನ್ನು ಹರಡುವ ಸೊಳ್ಳೆಗಳಿಗೂ ಅದೇ ನಿಂತ ನೀರು ಸಾಕು.

ಇನ್ನು ಕ್ರಮವನ್ನು ಹೇಳುತ್ತೇನೆ. ಬಿಚ್ಚುವ ಮೊದಲೇ ಪ್ರತಿ ಚಕ್ರದ ಮೇಲೂ ಅದು ಎಡಮುಂದಿನದೋ ಬಲಹಿಂದಿನದೋ ಎಂಬುದನ್ನು ಸೀಮೆಸುಣ್ಣದಿಂದ ಬರೆದಿಡಬೇಕು. ಮುಂದಿನ ಸಲ ಸ್ಥಾನವನ್ನು ಅದಲುಬದಲು ಮಾಡಿ ಸವೆತವನ್ನು ಸಮಗೊಳಿಸುವುದಕ್ಕೆ ಇದು ಆಧಾರ. ಬಳಿಕ ಸಾಬೂನಿನ ನೀರು ಮತ್ತು ಬ್ರಷ್ಷಿನಿಂದ ತೊಳೆಯಬೇಕು. ಕೆನಡಾದ ರಸ್ತೆಗಳ ಮೇಲೆ ವರ್ಷವೊಂದಕ್ಕೆ ಸುಮಾರು 50 ಲಕ್ಷ ಟನ್ನು ಉಪ್ಪನ್ನು ಚೆಲ್ಲುತ್ತಾರೆ. ಆ ಉಪ್ಪು ರಿಮ್ಮಿನ ಸಂದುಗಳಲ್ಲಿ ಕುಳಿತು, ಬ್ರೇಕಿನ ಲೋಹದ ಪುಡಿಯೊಡನೆ ಸೇರಿ, ಉಕ್ಕನ್ನೂ ಅಲ್ಯೂಮಿನಿಯಮನ್ನೂ ಬೇಸಗೆಯುದ್ದಕ್ಕೂ ತಿನ್ನುತ್ತಿರುತ್ತದೆ. ಗೀರುಗಳ ನಡುವೆ ಸಿಕ್ಕಿದ ಕಲ್ಲು, ಗಾಜು, ಮೊಳೆಗಳನ್ನು ತೆಗೆಯುವಾಗಲೇ ಗಾಯಗಳೂ ಉಬ್ಬುಗಳೂ ಕಣ್ಣಿಗೆ ಬೀಳುತ್ತವೆ. ದುರಸ್ತಿಗೆ ಬಿಡುವಿರುವುದು ಈಗ, ನವೆಂಬರಿನ ನೂಕುನುಗ್ಗಲಿನಲ್ಲಿ ಅಲ್ಲ. ಟೈರಿಗೆ ಹೊಳಪು ಕೊಡುವ ದ್ರವಗಳನ್ನು ಹಚ್ಚುವುದು ಬೇಡ. ತೊಳೆದವುಗಳನ್ನು ನೆರಳಿನಲ್ಲಿ ಪೂರ್ಣವಾಗಿ ಒಣಗಿಸಿ, ಒಂದೊಂದನ್ನೂ ದಪ್ಪನಾದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ವ್ಯಾಕ್ಯೂಮ್ ಕ್ಲೀನರಿನಿಂದ ಒಳಗಿನ ಗಾಳಿಯನ್ನು ಆದಷ್ಟು ಹೀರಿ ತೆಗೆದು, ಬಾಯಿಯನ್ನು ಬಿಗಿಯಾಗಿ ಕಟ್ಟಬೇಕು. ಹೀಗೆ ಮಾಡಿದರೆ ಬೆಳಕಿಗೂ ಓಜೋನಿಗೂ ತಡೆಯುಂಟಾಗುವುದಲ್ಲದೆ, ರಬ್ಬರಿನೊಳಗಿನ ಎಣ್ಣೆಯು ಆವಿಯಾಗಿ ಹೋಗುವುದೂ ನಿಧಾನಿಸುತ್ತದೆ. ತೇವ ಉಳಿದ ಚಕ್ರವನ್ನು ಕಟ್ಟಿದರೆ ಮಾತ್ರ ರಕ್ಷಣೆಯೇ ಶಿಕ್ಷೆಯಾದೀತು.

ತುಳುನಾಡಿನ ಒಕ್ಕಲಮನೆಗಳಲ್ಲಿ ಬಿತ್ತನೆಯ ಬತ್ತವನ್ನು ಒಣಗಿಸಿ, ಬೈಹುಲ್ಲಿನಲ್ಲಿ ಮುಡಿಕಟ್ಟಿ, ಉಣ್ಣುವ ಬತ್ತದಿಂದ ಬೇರೆಯಾಗಿ ಎತ್ತಿಡುತ್ತಿದ್ದರು. ಬರುವ ವರ್ಷದ ಬೆಳೆಯು ಆ ಮುಡಿಯ ಬಿಗಿಯಲ್ಲಿ ಅಡಗಿದೆಯೆಂಬುದನ್ನು ಮನೆಯ ಮಕ್ಕಳೂ ಅರಿತಿದ್ದರು. ಅದೇ ಶ್ರದ್ಧೆಯನ್ನು ನಾವು ಈ ನಾಲ್ಕು ಚೀಲಗಳಿಗೂ ತೋರಬೇಕೆಂಬುದೇ ನನ್ನ ಆಶಯ.

ಇಡುವ ಭಂಗಿಯ ವಿಷಯದಲ್ಲಿ ಬಹಳ ಮಂದಿಗೆ ಗೊಂದಲವಿರುವುದರಿಂದ ಅದನ್ನು ಸ್ವಲ್ಪ ವಿಶದವಾಗಿ ಹೇಳಬೇಕಾಗಿದೆ. ರಿಮ್ಮಿಗೆ ಕೂಡಿಸಿದ ಟೈರುಗಳನ್ನು ಒಂದರ ಮೇಲೊಂದರಂತೆ ಮಲಗಿಸಿ ನಾಲ್ಕರವರೆಗೆ ಪೇರಿಸಬಹುದು, ಇಲ್ಲವೆ ರಿಮ್ಮನ್ನು ಹಿಡಿಯುವ ಕೊಕ್ಕೆಗಳಿಗೆ ತೂಗುಹಾಕಬಹುದು. ಒಳಗಿನ ಗಾಳಿಯೂ ಲೋಹವೂ ಭಾರವನ್ನು ಹೊರುತ್ತವೆ. ತಿಂಗಳುಗಟ್ಟಲೆ ಅವುಗಳನ್ನು ನಿಲ್ಲಿಸಿಟ್ಟರೆ ರಿಮ್ಮಿನ ಭಾರವೆಲ್ಲ ನೆಲ ಮುಟ್ಟಿದ ಒಂದೇ ಜಾಗದ ಮೇಲೆ ಬಿದ್ದು ಅಲ್ಲಿ ಚಪ್ಪಟೆಯಾಗುವ ಭಯವುಂಟು. ಗಾಳಿಯನ್ನು ಪೂರ್ತಿ ಬಿಡಬಾರದು. ರಿಮ್ಮಿಲ್ಲದ ಬರಿಯ ಟೈರಿನ ನಿಯಮವು ಇದಕ್ಕೆ ವಿಪರೀತವಾದುದು: ಅದನ್ನು ನಿಲ್ಲಿಸಿಯೇ ಇಡಬೇಕು, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ನೆಲ ಮುಟ್ಟುವ ಜಾಗವನ್ನು ಬದಲಿಸಬೇಕು, ಎಂದಿಗೂ ಕೊಕ್ಕೆಗೆ ತೂಗುಹಾಕಬಾರದು; ಏಕೆಂದರೆ ರಿಮ್ಮನ್ನು ಕಚ್ಚಿ ಹಿಡಿಯಬೇಕಾದ ಅದರ ಒಳಅಂಚು ಕೊಕ್ಕೆಯ ಮೇಲೆ ಜೋತು ವಿಕಾರವಾಗುತ್ತದೆ. ಪೇರಿಸುವುದು ಅನಿವಾರ್ಯವಾದರೆ, ಅಡಿಯದನ್ನು ಮೇಲಕ್ಕೂ ಮೇಲಿನದನ್ನು ಅಡಿಗೂ ತಿಂಗಳಿಗೊಮ್ಮೆ ಬದಲಿಸುತ್ತಿರಬೇಕು. ವಿಕಾರಗೊಂಡ ಟೈರು ಎಳೆತದಲ್ಲಿರುತ್ತದೆಯೆಂದೂ, ಎಳೆತವಿದ್ದಲ್ಲಿಯೇ ಓಜೋನಿನ ಬಿರುಕು ಬಾಯ್ದೆರೆಯುವುದೆಂದೂ ಮೇಲೆ ಹೇಳಿದ ಮಾತನ್ನು ನೆನೆದರೆ ಈ ನಿಯಮಗಳ ಮರ್ಮವು ತಾನಾಗಿಯೇ ತಿಳಿಯುತ್ತದೆ. ಚಕ್ರವೊಂದು ಸುಮಾರು 20 ಕಿಲೋಗ್ರಾಂ ತೂಗುವುದರಿಂದ, ಪೇರಿಸಿದ ರಾಶಿಯು ಮಕ್ಕಳು ಆಡುವ ಸ್ಥಳದಲ್ಲಿ ಇರದಂತೆಯೂ, ಹತ್ತಿದರೆ ಉರುಳದಂತೆಯೂ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಸ್ವಂತ ಮನೆಯುಳ್ಳವರಿಗೆ ಇಷ್ಟೆಲ್ಲ ಸುಲಭಸಾಧ್ಯ. ಆದರೆ ವಿದ್ಯಾರ್ಥಿಗಳಾಗಿಯೋ ಹೊಸ ಉದ್ಯೋಗಸ್ಥರಾಗಿಯೋ ಮೈಸೂರು, ಹುಬ್ಬಳ್ಳಿ, ಕಲಬುರಗಿಗಳಿಂದ ಈಚೆಗೆ ಬಂದು, ಎತ್ತರದ ಕಟ್ಟಡದ ಸಣ್ಣ ಬಾಡಿಗೆಮನೆಯಲ್ಲಿ ಇರುವ ನಮ್ಮ ತಮ್ಮಂದಿರೂ ತಂಗಿಯರೂ ಏನು ಮಾಡಬೇಕು? ಬಾಲ್ಕನಿಯಲ್ಲಿ ಇಡಲು ಎಷ್ಟೋ ಕಟ್ಟಡಗಳ ನಿಯಮಗಳು ಒಪ್ಪುವುದಿಲ್ಲ. ಒಪ್ಪಿದರೂ ಅಲ್ಲಿ ಬಿಸಿಲೂ ಮಳೆಯೂ ತಪ್ಪುವುದಿಲ್ಲ. ಹಣ ತೆತ್ತು ಗ್ಯಾರೇಜಿನ ಉಗ್ರಾಣದಲ್ಲಿ ಇರಿಸಬಹುದು. ಹಾಗೆ ಇರಿಸುವವರು ಟೈರಿನ ಹೆಸರು, ಅಳತೆ, ತಯಾರಾದ ವಾರದ ಸಂಖ್ಯೆ, ಗೀರಿನ ಆಳ ಇವುಗಳನ್ನು ಬರೆದ ರಸೀತಿಯನ್ನು ಕೇಳಿ ಪಡೆಯಲಿ, ಕಟ್ಟಡದ ಒಳಗೆ ಇಡುವರೋ ಹೊರಗಿನ ಅಂಗಳದಲ್ಲಿ ಇಡುವರೋ ಎಂಬುದನ್ನು ವಿಚಾರಿಸಲಿ. ಈ ವೆಚ್ಚ ಭಾರವೆಂದು ಬಗೆದು, ವರ್ಷವಿಡೀ ಒಂದೇ ಸೆಟ್ಟಿನಲ್ಲಿ ಓಡಿಸುವವರು ನಮ್ಮಲ್ಲಿದ್ದಾರೆ. ಬೇಸಗೆಯ ಟೈರಿನಲ್ಲಿ ಹಿಮದ ಮೇಲೆ ಓಡಿಸುವುದು ಪ್ರಾಣಾಪಾಯ. ಚಳಿಗಾಲದ ಟೈರನ್ನು ಕಾದ ರಸ್ತೆಯ ಮೇಲೆ ಓಡಿಸಿದರೆ ಮೃದುವಾದ ಆ ರಬ್ಬರು ಬೇಗನೆ ಸವೆದು, ಬ್ರೇಕು ಹಿಡಿಯುವ ದೂರವೂ ಹೆಚ್ಚುತ್ತದೆ. ಇಲ್ಲಿಯೇ ಸಂಘಗಳ ಹಿರಿಯರಲ್ಲಿ ನನ್ನ ಮೊದಲನೆಯ ಬಿನ್ನಹವುಂಟು: ಬೇಸ್‌ಮೆಂಟಿನಲ್ಲಿ ಒಂದು ಗೋಡೆಯಷ್ಟು ಸ್ಥಳವುಳ್ಳ ಮನೆಯವರು ತಮ್ಮ ಹೆಸರನ್ನು ಸಂಘಕ್ಕೆ ತಿಳಿಸಲಿ, ಸ್ಥಳವಿಲ್ಲದ ಒಬ್ಬರ ಒಂದು ಸೆಟ್ಟನ್ನು ಆ ಮನೆಯವರು ಆರು ತಿಂಗಳು ಇರಿಸಿಕೊಳ್ಳಲಿ. ಹಬ್ಬದೂಟಕ್ಕೆ ಅಪರಿಚಿತರನ್ನೂ ಕರೆಯುವ ಉದಾರತೆಯು ನಮ್ಮಲ್ಲಿರುವಾಗ ಈ ಉಪಕಾರವು ದೊಡ್ಡದೇನಲ್ಲ.

ಆದರೆ ಒಂದು ಮನೆಯಲ್ಲಿ ಮಿತಿಮೀರಿ ಕೂಡಿಹಾಕುವುದು ಸಲ್ಲದು. 1990ರ ಫೆಬ್ರವರಿಯಲ್ಲಿ ಒಂಟಾರಿಯೊದ ಹೇಗರ್ಸ್‌ವಿಲ್ ಎಂಬಲ್ಲಿ ಒಂದು ಕೋಟಿಗೂ ಮಿಕ್ಕಿದ ಹಳೆಯ ಟೈರುಗಳ ರಾಶಿಗೆ ಬೆಂಕಿ ಬಿದ್ದು, ಹದಿನೇಳು ದಿನ ಉರಿದು, ಸುತ್ತಣ ಜನರು ಮನೆಗಳನ್ನು ತೊರೆದು ಹೋಗಬೇಕಾಯಿತು. ಅದು ಮನೆಯ ಮಾತಲ್ಲ, ನಿಜ. ಆದರೂ ಹೊತ್ತಿಕೊಂಡ ಟೈರನ್ನು ಆರಿಸುವುದು ಎಷ್ಟು ಕಠಿನವೆಂಬುದಕ್ಕೆ ಅದು ಸಾಕ್ಷಿ. ಆಯುಷ್ಯ ತೀರಿದ ಟೈರುಗಳನ್ನು ಮೂಲೆಯಲ್ಲಿ ಉಳಿಸಿಕೊಳ್ಳದೆ, ಪುನರ್ಬಳಕೆಗೆ ಸ್ವೀಕರಿಸುವ ಕೇಂದ್ರಗಳಿಗೆ ಒಪ್ಪಿಸುವುದೂ ಈ ವಿದ್ಯೆಯ ಭಾಗವೇ ಆಗಿದೆ.

ಆಯುಷ್ಯವನ್ನು ತಿಳಿಯುವ ಬಗೆ ಸರಳವಾಗಿದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗುರುತಿನ ಕೊನೆಯ ನಾಲ್ಕು ಅಂಕಿಗಳು ವಾರವನ್ನೂ ವರ್ಷವನ್ನೂ ಹೇಳುತ್ತವೆ. 3522 ಎಂದಿದ್ದರೆ 2022ನೆಯ ಇಸವಿಯ 35ನೆಯ ವಾರದಲ್ಲಿ ಅದು ತಯಾರಾಯಿತೆಂದು ಅರ್ಥ. ಐದು ವರ್ಷ ಬಳಸಿದ ಬಳಿಕ ಪ್ರತಿವರ್ಷವೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷ ತುಂಬಿದುದು ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಬದಲಿಸಬೇಕೆಂದೂ ಹೆಸರಾಂತ ತಯಾರಕರು ಹೇಳುತ್ತಾರೆ. ಗೀರಿನ ಆಳವು 4 ಮಿಲಿಮೀಟರಿನ ಸಮೀಪಕ್ಕೆ ಬಂದರೆ ಹಿಮದ ಹಾದಿಗೆ ಅದು ಯೋಗ್ಯವಲ್ಲ. ಮರಳಿ ಹಾಕಿಸುವಾಗ ಗಾಳಿಯ ಒತ್ತಡವನ್ನು ನೋಡಬೇಕು. ಉಷ್ಣತೆಯು ಐದಾರು ಡಿಗ್ರಿ ಇಳಿದಂತೆಲ್ಲ ಸುಮಾರು ಒಂದು ಪೌಂಡಿನಷ್ಟು ಒತ್ತಡವು ಕುಗ್ಗುವುದರಿಂದ, ಬೆಚ್ಚಗಿನ ಗ್ಯಾರೇಜಿನಲ್ಲಿ ಸರಿಯಾಗಿದ್ದುದು ಜನವರಿಯ ಬೆಳಗ್ಗೆ ಬಹಳ ಕಡಮೆಯಾಗಿರುತ್ತದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ನಿಯತ ಪ್ರಮಾಣಕ್ಕೆ ಬಿಗಿಗೊಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು, ಮರೆತರೆ ಆಗಬಹುದಾದ ಅನಾಹುತವೂ ಹೆಚ್ಚು.

ಕೊನೆಯದಾಗಿ ನನ್ನ ಎರಡನೆಯ ಬಿನ್ನಹ. ನವರಾತ್ರಿಯಲ್ಲಿ ಆಯುಧಪೂಜೆಯಂದು ನಾವು ಇಲ್ಲಿಯೂ ಕಾರುಗಳನ್ನು ತೊಳೆದು, ಕುಂಕುಮವಿಟ್ಟು, ಸೇವಂತಿಗೆಯನ್ನು ಮುಡಿಸಿ, ಚಕ್ರಗಳಡಿಯಲ್ಲಿ ನಿಂಬೆಹಣ್ಣನ್ನಿರಿಸಿ ಪೂಜಿಸುತ್ತೇವೆ. ಈ ನಾಡಿನಲ್ಲಿ ರಾತ್ರಿಯ ಉಷ್ಣತೆಯು 7 ಡಿಗ್ರಿಗಿಂತ ಕೆಳಗಿಳಿಯತೊಡಗುವುದೂ ಬಹುತೇಕ ಅದೇ ದಿನಗಳಲ್ಲಿ. ದುಡಿಯುವ ಉಪಕರಣವನ್ನು ವರ್ಷಕ್ಕೊಮ್ಮೆ ಕೆಳಗಿಟ್ಟು, ಶುಚಿಗೊಳಿಸಿ, ಅದರ ಕುಂದನ್ನು ತಿದ್ದಿ, ಕೃತಜ್ಞತೆಯಿಂದ ನಮಸ್ಕರಿಸುವುದೇ ಆ ಆಚರಣೆಯ ಸಾರವೆಂದು ನಾನು ತಿಳಿದಿದ್ದೇನೆ. ಆದುದರಿಂದ ಬರುವ ಆಯುಧಪೂಜೆಯಂದು ಕಾರಿಗೆ ಹಾಕಿರುವ ನಾಲ್ಕು ಚಕ್ರಗಳೊಡನೆ, ಮೂಲೆಯಲ್ಲಿ ಕಾದಿರುವ ನಾಲ್ಕನ್ನೂ ಚೀಲ ಬಿಚ್ಚಿ ಹೊರಗೆ ತನ್ನಿ. ಪಕ್ಕೆಗಳನ್ನು ಸವರಿ ಬಿರುಕುಗಳನ್ನು ನೋಡಿ, ಗೀರಿನ ಆಳವನ್ನು ಅಳೆಯಿರಿ, ತಯಾರಿಕೆಯ ವರ್ಷವನ್ನು ಓದಿ, ಮಕ್ಕಳಿಗೂ ತೋರಿಸಿ, ಆಮೇಲೆ ಕುಂಕುಮವಿಡಿ. ಯೋಗ್ಯವಲ್ಲದ್ದು ಕಂಡುಬಂದರೆ ಬದಲಿಸುವುದಕ್ಕೆ ಆಗ ಇನ್ನೂ ಕಾಲವಿರುತ್ತದೆ. ಈ ಪರೀಕ್ಷೆಯನ್ನು ಹಬ್ಬದ ಆಹ್ವಾನಪತ್ರಿಕೆಯಲ್ಲಿಯೇ ಸೇರಿಸಿ ಪ್ರಕಟಿಸಬೇಕೆಂದು ಸಂಘಗಳ ಕಾರ್ಯದರ್ಶಿಗಳನ್ನು ಪ್ರಾರ್ಥಿಸುತ್ತೇನೆ. ಸ್ಥಳ ಕೊಡಬಲ್ಲವರು ತಮ್ಮ ಹೆಸರುಗಳನ್ನು ಈ ತಿಂಗಳ ಒಳಗಾಗಿಯೇ ಅವರಿಗೆ ಕಳುಹಿಸಿಕೊಡಬೇಕೆಂದು ಎಲ್ಲರನ್ನೂ ಕೋರುತ್ತೇನೆ.

ಇತಿ ತಮ್ಮ ವಿಧೇಯ,
ಒಟ್ಟಾವಾದ ಒಬ್ಬ ಹಿರಿಯ ಕನ್ನಡಿಗ